ಮೇಜಿನ ಕೆಳಗೆ ಹೋಗುವ ವೈರು

ಲಾಸ್ ವೇಗಸ್‌ನ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಯಾವ ಪ್ರೊಟೊಟೈಪೇ (ಮಾರಾಟಕ್ಕೆ ಮೊದಲಿನ ಪ್ರಯೋಗದ ಮಾದರಿ) ಆಗಲಿ, ಕೈಗೆತ್ತಿಕೊಳ್ಳುವ ಮೊದಲು ನಾನು ನೋಡುವುದು ಅದರ ವೈರು ಎಲ್ಲಿಗೆ ಹೋಗುತ್ತದೆ ಎಂಬುದನ್ನು. ಮೇಜಿನ ಮೇಲೆ ಒಂದು ಎಆರ್ ಕನ್ನಡಕ, ಅಂದರೆ ಎದುರಿನ ನೋಟದ ಮೇಲೆಯೇ ಚಿತ್ರ ಮೂಡಿಸುವ ಕನ್ನಡಕ, ಇರುತ್ತದೆ, ಮಾಮೂಲಿ ಕನ್ನಡಕದಷ್ಟೇ ತೆಳು. ಕಡ್ಡಿಯ ತುದಿಯಿಂದ ಸಣ್ಣದೊಂದು ವೈರು ಹೊರಟು ಮೇಜುಬಟ್ಟೆಯ ಕೆಳಗೆ ಇಳಿಯುತ್ತದೆ. ಅಲ್ಲಿ ಲ್ಯಾಪ್‌ಟಾಪೊಂದರ ಫ್ಯಾನು ಒಂದೇ ಸಮ ತಿರುಗುತ್ತಿರುತ್ತದೆ. ಲೆಕ್ಕ ಮಾಡುವ ಚಿಪ್ಪು, ಬ್ಯಾಟರಿ, ಬಿಸಿ ಈ ಮೂರೂ ಇನ್ನೂ ಕನ್ನಡಕದೊಳಗೆ ಹೋಗಿಲ್ಲ ಎಂದರ್ಥ. ಇದು ಮೋಸವಲ್ಲ, ಪ್ರೊಟೊಟೈಪ್ ಇರುವುದೇ ಹಾಗೆ. ಆದರೆ ನಾವು ಪರೀಕ್ಷಿಸಿದ್ದು ಕನ್ನಡಕದ ಗಾಜನ್ನು ಮಾತ್ರ, ಇಡೀ ಕನ್ನಡಕವನ್ನಲ್ಲ ಎಂಬುದು ತಲೆಯಲ್ಲಿರಬೇಕು. ಡೆಮೊವನ್ನು ಹೇಗೆ ಜೋಡಿಸಿದ್ದಾರೆ ಎಂಬುದರಲ್ಲೇ ಯಾವ ಕೆಲಸ ಬಾಕಿ ಇದೆ ಎಂಬುದು ಕಾಣುತ್ತದೆ. ಕುರ್ಚಿ, ಬೆಳಕು, ಕತ್ತಲೆ ಕೋಣೆ, ಪಕ್ಕದಲ್ಲಿ ನಿಂತವರ ಕೈ, ಎಲ್ಲವನ್ನೂ ಆ ಕಣ್ಣಿನಿಂದಲೇ ನೋಡಬೇಕು.

ಸಿಇಎಸ್ ಶುರುವಾದದ್ದು 1967ರಲ್ಲಿ, ನ್ಯೂಯಾರ್ಕ್‌ನಲ್ಲಿ. ಈಗ ಪ್ರತಿ ಜನವರಿ ವೇಗಸ್‌ನಲ್ಲಿ ನಡೆಯುತ್ತದೆ. ಸಾರ್ವಜನಿಕರಿಗೆ ಪ್ರವೇಶವಿಲ್ಲ, ಉದ್ಯಮದ ನಂಟು ತೋರಿಸಿ ಬ್ಯಾಡ್ಜ್ ಪಡೆಯಬೇಕು. ದೊಡ್ಡ ಟಿವಿ ಕಂಪನಿಗಳು ಕನ್ವೆನ್ಶನ್ ಸೆಂಟರಿನ ಸೆಂಟ್ರಲ್ ಹಾಲ್‌ನಲ್ಲಿ, ವಾಹನದವರು ವೆಸ್ಟ್ ಹಾಲ್‌ನಲ್ಲಿ. ಆದರೆ ನಿಜವಾದ ಪ್ರೊಟೊಟೈಪ್ ಬೇಕಿದ್ದವರು ಮೊದಲು ಹೋಗಬೇಕಾದದ್ದು ವೆನೀಶಿಯನ್ ಎಕ್ಸ್‌ಪೋದ ನೆಲಮಟ್ಟದಲ್ಲಿರುವ ಯುರೇಕಾ ಪಾರ್ಕ್‌ಗೆ. ಅಲ್ಲಿ ಸ್ಟಾರ್ಟಪ್‌ಗಳಿಗೆ ಸಿಗುವುದು ಪುಟ್ಟ ಜಾಗ, ಹಾಗಾಗಿ ಮುಚ್ಚಿಡಲು ಸ್ಥಳವಿಲ್ಲ, ಮತ್ತು ಮೇಜಿನ ಹಿಂದೆ ನಿಂತವರೇ ಬಹುಪಾಲು ಅದನ್ನು ಮಾಡಿದವರು. ಎರಡು ಜಾಗಗಳ ನಡುವೆ ಉಚಿತ ಶಟಲ್ ಬಸ್ ಇದೆ. ಟ್ರಾಫಿಕ್ ಕಟ್ಟಿದ ಹೊತ್ತಲ್ಲಿ ಮಾನೊರೈಲು ಹತ್ತಿ ಹ್ಯಾರಾಸ್ ನಿಲ್ದಾಣದಲ್ಲಿ ಇಳಿದು ನಡೆದು ಹೋಗುವುದು ಬೇಗ. ಬೆಂಗಳೂರಿನಿಂದ ಹೋಗುವವರಿಗೆ ಹದಿಮೂರೂವರೆ ಗಂಟೆಯ ವ್ಯತ್ಯಾಸ. ಮೊದಲ ದಿನ ನಿದ್ದೆಗಣ್ಣಿನಲ್ಲಿ ಕಣ್ಣು ಪೂರ್ತಿ ಮುಚ್ಚಿ ಬೇರೆ ಲೋಕ ತೋರಿಸುವ ವಿಆರ್ ಹೆಡ್‌ಸೆಟ್ ಹಾಕಿಕೊಂಡು ತಲೆ ಸುತ್ತಿದರೆ ಅದು ಹೆಡ್‌ಸೆಟ್ಟಿನ ದೋಷವೋ ನಿದ್ದೆಯದ್ದೋ ಗೊತ್ತಾಗುವುದಿಲ್ಲ. ಅಂಥ ಪರೀಕ್ಷೆಗಳನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಧನ ಯಾವ ಹಂತದಲ್ಲಿದೆ ಎಂದು ಕೇಳುವ ಮೊದಲೇ ಅರ್ಧ ಉತ್ತರ ಮೇಜಿನ ಮೇಲಿರುತ್ತದೆ. ವೈಫೈ, ಬ್ಲೂಟೂತ್‌ನಂಥ ರೇಡಿಯೊ ಇರುವ ಸಾಧನಕ್ಕೆ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಅನುಮತಿ ಸಿಗುವ ಮುಂಚೆಯೂ ಮೇಳದಲ್ಲಿ ತೋರಿಸಬಹುದು. ಆದರೆ ‘ಇದಕ್ಕೆ ಇನ್ನೂ ಅನುಮತಿ ಇಲ್ಲ, ಸಿಗುವವರೆಗೆ ಮಾರಾಟಕ್ಕಿಲ್ಲ’ ಎಂಬ ಸೂಚನೆಯನ್ನು ಎದ್ದು ಕಾಣುವಂತೆ ಹಾಕಬೇಕು. ಆ ಚೀಟಿಯ ಪಕ್ಕದಲ್ಲೇ ‘ಮುಂದಿನ ತಿಂಗಳು ಮಾರುಕಟ್ಟೆಗೆ’ ಎಂಬ ಬೋರ್ಡು ಇದ್ದರೆ ಎರಡನ್ನೂ ಒಟ್ಟಿಗೆ ಓದಿಕೊಳ್ಳಿ. ಆಮೇಲೆ ಹೊರಕವಚದ ಮೇಲೆ ಬೆರಳಾಡಿಸಿ. ಸಣ್ಣ ಸಣ್ಣ ಗೆರೆಗಳು ಒಂದರ ಮೇಲೊಂದು ಸಿಕ್ಕರೆ 3ಡಿ ಪ್ರಿಂಟ್. ಮರಳುಕಾಗದದಲ್ಲಿ ಉಜ್ಜಿ ಬಣ್ಣ ಹೊಡೆದಿದ್ದರೂ ಒಳಮೂಲೆಗಳಲ್ಲಿ, ಬಟನ್ ಕೂರುವ ತೂತಿನ ಅಂಚಿನಲ್ಲಿ ಆ ಗೆರೆ ಉಳಿದಿರುತ್ತದೆ. ಎರಡು ಹೋಳು ಸೇರುವಲ್ಲಿ ಕೂದಲೆಳೆಯಷ್ಟು ಗೀಟು, ಒಳಬದಿಯಲ್ಲಿ ಅಚ್ಚಿನಿಂದ ತಳ್ಳಿ ತೆಗೆದ ಪಿನ್ನುಗಳ ದುಂಡನೆಯ ಗುರುತು ಕಂಡರೆ ಅದು ಇಂಜೆಕ್ಷನ್ ಅಚ್ಚಿನಲ್ಲಿ ಎರೆದದ್ದು. ಅಚ್ಚಿಗೆ ದುಡ್ಡು ಸುರಿದಾಗಿದೆ, ಇನ್ನು ಆಕಾರ ಬದಲಿಸುವುದು ದುಬಾರಿ. ಈ ಒಂದು ವ್ಯತ್ಯಾಸ ಕರಪತ್ರದ ಎಲ್ಲ ಮಾತಿಗಿಂತ ಹೆಚ್ಚು ಹೇಳುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಎಆರ್ ಕನ್ನಡಕಕ್ಕೆ ಸಮಯ ಕೊಡಬೇಕು, ಏಕೆಂದರೆ ಅದರಲ್ಲಿ ಕೆಡಬಹುದಾದ ಸಂಗತಿಗಳು ಬಹಳ. ಮೊದಲನೆಯದು ದೃಶ್ಯದ ಅಗಲ. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಹೆಬ್ಬೆರಳಿನದು ಸುಮಾರು 2 ಡಿಗ್ರಿ. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಮುಷ್ಟಿ ಹಿಡಿಯುತ್ತದೆ ಎಣಿಸಿ. ಮೂರು ಬಂದರೆ 30 ಡಿಗ್ರಿ. ಕಂಪನಿಗಳು ಹೆಚ್ಚಾಗಿ ಹೇಳುವುದು ಕರ್ಣದ ಅಳತೆ, ಅಡ್ಡಗಲ ಅದಕ್ಕಿಂತ ಕಮ್ಮಿಯೇ ಇರುತ್ತದೆ. ಎರಡನೆಯದು ಕಣ್ಣು ಕೂರುವ ಜಾಗ. ಕನ್ನಡಕವನ್ನು ಮೂಗಿನ ಮೇಲೆ ಎರಡು ಮೂರು ಮಿಲಿಮೀಟರ್ ಮೇಲೆ ಕೆಳಗೆ ಸರಿಸಿ. ಒಂದು ಅಂಚು ಕತ್ತರಿಸಿಹೋದರೆ ಅಥವಾ ಬಣ್ಣ ಕೆಂಪಿಗೋ ಹಸಿರಿಗೋ ತಿರುಗಿದರೆ, ನಡೆಯುವಾಗ ದಿನವಿಡೀ ಅದೇ ಕಾಟ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ವಯಸ್ಕರಲ್ಲಿ ಸರಾಸರಿ 63 ಮಿ.ಮೀ. ಆಸುಪಾಸು. ಪ್ರೊಟೊಟೈಪ್‌ಗಳನ್ನು ಬಹುಪಾಲು ಆ ಒಂದೇ ಅಳತೆಗೆ ಕಟ್ಟಿರುತ್ತಾರೆ. ನಿಮ್ಮದು 58 ಆಗಿದ್ದರೆ ಚಿತ್ರ ಮಸುಕಾಗಿದ್ದು ಗಾಜಿನ ತಪ್ಪಲ್ಲ. ಊರಿನ ಕನ್ನಡಕದ ಅಂಗಡಿಯಲ್ಲಿ ಅಳೆಸಿ ಬರೆದಿಟ್ಟುಕೊಂಡು ಹೋದರೆ ಈ ಗೊಂದಲವಿಲ್ಲ. ಪವರ್ ಇರುವವರು ಕಾಂಟ್ಯಾಕ್ಟ್ ಲೆನ್ಸ್ ಒಯ್ಯಿರಿ. ಕನ್ನಡಕದ ಮೇಲೆ ಕನ್ನಡಕ ಕೂರುವುದಿಲ್ಲ.

ಗಾಜಿನ ಬಗೆಯೂ ಮುಖ್ಯ. ಅರೆಗನ್ನಡಿಯನ್ನು ಓರೆಯಾಗಿ ಕೂರಿಸಿದ ‘ಬರ್ಡ್‌ಬಾತ್’ ಬಗೆಯಲ್ಲಿ ಚಿತ್ರ ಸೊಗಸಾಗಿರುತ್ತದೆ, ಆದರೆ ಹೊರಗಿನ ಜಗತ್ತು ಕೂಲಿಂಗ್ ಗ್ಲಾಸ್ ಹಾಕಿದಷ್ಟು ಕಪ್ಪು. ಗಾಜಿನೊಳಗೇ ಬೆಳಕು ಹರಿಸಿ ಕಣ್ಣಿಗೆ ತರುವ ವೇವ್‌ಗೈಡ್ ಬಗೆಯಲ್ಲಿ ಗಾಜು ತಿಳಿಯಾಗಿರುತ್ತದೆ, ಆದರೆ ಹೆಚ್ಚಿನವುಗಳಲ್ಲಿ ಬೆಳಕನ್ನು ತಿರುಗಿಸಲು ಕೊರೆದ ನವಿರು ಗೆರೆಗಳು ಹಾಲ್‌ನ ದೀಪವನ್ನೂ ಬಣ್ಣಬಣ್ಣವಾಗಿ ಒಡೆಯುತ್ತವೆ. ಹಾಕಿಕೊಂಡು ತಲೆ ಎತ್ತಿ ಚಾವಣಿಯ ದೀಪಗಳನ್ನು ನೋಡಿ, ಕಾಮನಬಿಲ್ಲು ಕಂಡರೆ ಗೊತ್ತಾಗುತ್ತದೆ. ಬೂತಿನವರು ನಿಮ್ಮನ್ನು ಕಪ್ಪು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸುವುದು ಇದಕ್ಕೇ. ಕೊನೆಯದಾಗಿ, ಕನ್ನಡಕದ ಚಿತ್ರದಲ್ಲಿರುವ ಒಂದು ವಸ್ತುವನ್ನು ನಿಜವಾದ ಮೇಜಿನ ಅಂಚಿಗೆ ತಾಗಿದಂತೆ ಇರಿಸಲು ಹೇಳಿ, ‘ಇಲ್ಲ ಇಲ್ಲ’ ಎನ್ನುವಂತೆ ತಲೆ ಅಲ್ಲಾಡಿಸಿ. ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ತಲೆ ತಿರುಗಿದಾಗ 20 ಮಿಲಿಸೆಕೆಂಡ್ ತಡವಾದರೆ ವಸ್ತು 2 ಡಿಗ್ರಿ ಜಾರುತ್ತದೆ, ಅಂದರೆ ಒಂದು ಹೆಬ್ಬೆರಳಿನಷ್ಟು. ತಲೆ ಎತ್ತ ಹೋಗಲಿದೆ ಎಂದು ಸಾಫ್ಟ್‌ವೇರ್ ಮೊದಲೇ ಊಹಿಸಿ ಇದನ್ನು ಮುಚ್ಚುತ್ತದೆ. ದಿಕ್ಕು ಬದಲಿಸುವ ಕ್ಷಣದಲ್ಲಿ ಊಹೆ ತಪ್ಪುವುದರಿಂದ ಅಲುಗಾಟ ಅಲ್ಲೇ ಸಿಕ್ಕಿಬೀಳುತ್ತದೆ.

ಕುರ್ಚಿಯ ಮಾತಿಗೆ ಒಳ್ಳೆಯ ಉದಾಹರಣೆ 2014ರ ಸಿಇಎಸ್‌ನಲ್ಲಿ ವಿಆರ್ ಕಂಪನಿ ಆಕ್ಯುಲಸ್ ತೋರಿಸಿದ ‘ಕ್ರಿಸ್ಟಲ್ ಕೋವ್’ ಹೆಡ್‌ಸೆಟ್. ಹೆಡ್‌ಸೆಟ್ಟಿನ ಮುಂಭಾಗದಲ್ಲಿ ಇನ್‌ಫ್ರಾರೆಡ್ ಎಲ್‌ಇಡಿಗಳು, ಎದುರಿಗೆ ಒಂದು ಕ್ಯಾಮೆರಾ, ನೋಡುವವರು ಕೂತೇ ನೋಡಬೇಕು. ಹಿಂದಕ್ಕೆ ತಿರುಗಿದರೆ ಕ್ಯಾಮೆರಾಗೆ ಎಲ್‌ಇಡಿ ಕಾಣುವುದಿಲ್ಲ, ತಲೆ ಎಲ್ಲಿದೆ ಎಂಬ ಲೆಕ್ಕ ತಪ್ಪುತ್ತದೆ. 2016ರಲ್ಲಿ ಗ್ರಾಹಕರ ಕೈಗೆ ಬಂದ ಅದೇ ಕಂಪನಿಯ ರಿಫ್ಟ್ ಹೆಡ್‌ಸೆಟ್ಟಿನ ಹಿಂಪಟ್ಟಿಯಲ್ಲೂ ಎಲ್‌ಇಡಿಗಳಿದ್ದವು. ಕುರ್ಚಿ ಮುಚ್ಚಿಟ್ಟಿದ್ದ ಕೊರತೆಯನ್ನು ತುಂಬಲು ಎರಡು ವರ್ಷ ಹಿಡಿಯಿತು.

ಸೆಂಟ್ರಲ್ ಹಾಲ್‌ನ ಪಾರದರ್ಶಕ ಟಿವಿಗಳ ಮುಂದೆ ಜನ ಕಿಕ್ಕಿರಿದಿರುತ್ತಾರೆ. ಅಲ್ಲಿ ಪರದೆ ನೋಡುವುದಕ್ಕಿಂತ ಅದರಲ್ಲಿ ಏನು ತೋರಿಸುತ್ತಿದ್ದಾರೆ ನೋಡಿ: ಮೀನು, ಪಟಾಕಿ, ಬೆಂಕಿ, ಬಿಳಿ ಅಕ್ಷರ. ಪ್ರತಿ ಚುಕ್ಕೆಯೂ ತಾನೇ ಬೆಳಗುವ ಒಎಲ್‌ಇಡಿ ಪರದೆಯಲ್ಲಿ ಕಪ್ಪು ಎಂದರೆ ಬೆಳಕು ಆರಿದ ಜಾಗ. ಪರದೆ ಪಾರದರ್ಶಕವಾದಾಗ ಆರಿದ ಜಾಗದಲ್ಲಿ ಹಿಂದಿನ ಗೋಡೆ ಕಾಣುತ್ತದೆ, ಹಾಗಾಗಿ ಕಪ್ಪು ಬಣ್ಣವೇ ಇಲ್ಲ. 2024ರಲ್ಲಿ ಎಲ್‌ಜಿ ತೋರಿಸಿದ 77 ಇಂಚಿನ ಒಎಲ್‌ಇಡಿ ಟಿ ಇದಕ್ಕೆ ಕಂಡುಕೊಂಡ ದಾರಿ, ಬಟನ್ ಒತ್ತಿದರೆ ಹಿಂದಿನಿಂದ ಮೇಲೇಳುವ ಕಪ್ಪು ಹಾಳೆ. ಆ ಹಾಳೆ ಇಳಿದಿರುವಾಗ ರಾತ್ರಿಯ ದೃಶ್ಯವೊಂದನ್ನು ಹಾಕಲು ಕೇಳಿ, ಪರದೆಯ ಹಿಂದೆ ಒಬ್ಬರು ಬಿಳಿ ಅಂಗಿ ತೊಟ್ಟು ನಿಂತಿರಲಿ. ಮನೆಯಲ್ಲಿ ಸಿನಿಮಾ ನೋಡಲು ಇದು ಆಗುತ್ತದೋ ಇಲ್ಲವೋ ಆಗ ತಿಳಿಯುತ್ತದೆ.

ಮಡಚುವ, ಸುರುಳಿ ಸುತ್ತುವ ಪರದೆಗಳಿಗೆ ಬೇರೆ ಪರೀಕ್ಷೆ. ಪರದೆ ಆರಿಸಿ, ಚಾವಣಿಯ ಟ್ಯೂಬ್‌ಲೈಟ್‌ನ ಪ್ರತಿಬಿಂಬ ಮಡಿಕೆಯ ಮೇಲೆ ಅಡ್ಡ ಬೀಳುವಂತೆ ಹಿಡಿಯಿರಿ. ಬೆಳಕಿನ ಗೆರೆ ಎಷ್ಟು ಸೊಟ್ಟಗಾಯಿತೋ ಮಡಿಕೆ ಅಷ್ಟು ಆಳ. ಉಗುರು ತಾಗಿಸಬೇಡಿ. ಒಳಗಿನ ಗಾಜು ಸುಮಾರು 30 ಮೈಕ್ರೋಮೀಟರ್, ತಲೆಗೂದಲಿಗಿಂತ ತೆಳು, ಮೇಲಿರುವುದು ಮೆತ್ತನೆಯ ಪ್ಲಾಸ್ಟಿಕ್ ಪದರ. ಎರಡು ಲಕ್ಷ ಸಲ ಮಡಚಿ ನೋಡಿದ್ದೇವೆ ಎನ್ನುತ್ತಾರೆ. ದಿನಕ್ಕೆ ನೂರು ಸಲದಂತೆ ಅದು ಐದೂವರೆ ವರ್ಷ, ಕಡಿಮೆಯೇನಲ್ಲ. ಆದರೆ ಯಂತ್ರ ಎರಡೂ ಬದಿ ಸಮನಾಗಿ ಹಿಡಿದು ಮಡಚುತ್ತದೆ, ನಾವು ಒಂದು ಮೂಲೆ ಹಿಡಿದು ತಿರುಚುತ್ತೇವೆ. ಯಾವ ತಾಪಮಾನದಲ್ಲಿ, ದೂಳು ಹಾಕಿಯೋ ಹಾಕದೆಯೋ ಎಂದು ಕೇಳಿ. ಪದರಗಳ ನಡುವಿನ ಅಂಟು ಚಳಿಗೆ ಗಡುಸಾಗುತ್ತದೆ, ಸೆಕೆಗೆ ಜಾರುತ್ತದೆ, ಕಲಬುರಗಿಯ ಮೇ ತಿಂಗಳಿಗೆ ಈ ಪ್ರಶ್ನೆ ಬೇಕೇ ಬೇಕು. ಸುರುಳಿ ಪರದೆಯಲ್ಲಿ ಮೋಟಾರಿನ ಸದ್ದು ಕೇಳಿಸಿಕೊಳ್ಳಿ, ಅರ್ಧದಲ್ಲಿ ನಿಲ್ಲಿಸಿ ವಾಪಸ್ ಕಳಿಸಿ, ಪೂರ್ತಿ ಬಿಚ್ಚಿದ ಮೇಲೆ ಬಿಳಿ ಪುಟ ತೆರೆದು ಓರೆಯಿಂದ ನೋಡಿ. ಸುತ್ತಿಟ್ಟಿದ್ದ ಭಾಗದಲ್ಲಿ ಅಲೆಗಳು ಉಳಿದಿರುತ್ತವೆ. 2021ರಲ್ಲಿ ಎಲ್‌ಜಿ ತೋರಿಸಿದ ಸುರುಳಿ ಫೋನು ಅಂಗಡಿಗೆ ಬರಲೇ ಇಲ್ಲ, ಆ ಏಪ್ರಿಲ್‌ನಲ್ಲಿ ಕಂಪನಿ ಫೋನ್ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. 2025ರಲ್ಲಿ ಲೆನೊವೊ ತೋರಿಸಿದ, 14 ಇಂಚಿನಿಂದ 16.7 ಇಂಚಿಗೆ ಮೇಲೇಳುವ ಲ್ಯಾಪ್‌ಟಾಪ್ ಬೆಲೆ ಸಮೇತ ಬಂದಿತ್ತು. ಸುರುಳಿ ಕೆಲಸ ಮಾಡಿದ ಮಾತ್ರಕ್ಕೆ ವಸ್ತು ಬರುತ್ತದೆ ಎಂದೇನೂ ಇಲ್ಲ.

ಗಾಳಿಯಲ್ಲೇ ಸ್ಪರ್ಶ ಕೊಡುವ ಸಾಧನ ಸಿಕ್ಕರೆ ಬಿಡಬೇಡಿ. 40 ಕಿಲೋಹರ್ಟ್ಜ್‌ನ ಪುಟ್ಟ ಸ್ಪೀಕರ್‌ಗಳ ತಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದರೆ ತಣ್ಣನೆ ಊದಿದಂತೆ ಅನಿಸುತ್ತದೆ. ಆ ಶಬ್ದದ ಅಲೆಯುದ್ದ ಸುಮಾರು 8.6 ಮಿ.ಮೀ., ಅದಕ್ಕಿಂತ ಚೂಪಾದ ಅಂಚನ್ನು ಅದು ಮೂಡಿಸಲಾರದು. ಹಾಗಾಗಿ ‘ಬಟನ್’ ಎಂದು ತೋರಿಸಿದ್ದು ಕೈಗೆ ಬರೀ ಒಂದು ಮೆದು ಚುಕ್ಕೆ.

ಆರೋಗ್ಯದ ಸಾಧನಗಳಲ್ಲಿ ಮಾತ್ರ ನಾನು ಸುಲಭವಾಗಿ ಒಪ್ಪುವುದಿಲ್ಲ, ನಮ್ಮ ಚರ್ಮದವರಂತೂ ಒಪ್ಪಬಾರದು. ಉಂಗುರ, ವಾಚುಗಳು ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ಅಳೆಯುತ್ತವೆ. ಮೆಲನಿನ್ ಆ ಹಸಿರನ್ನು ಚೆನ್ನಾಗಿ ಹೀರುತ್ತದೆ, ವಾಪಸ್ ಬರುವ ಬೆಳಕು ಕಡಿಮೆ. ಬಿಳಿ ಚರ್ಮದವರ ಮೇಲಷ್ಟೇ ತಿದ್ದಿ ತೀಡಿದ ಪ್ರೊಟೊಟೈಪು ಕಪ್ಪು ಮಣಿಕಟ್ಟಿನ ಮೇಲೆ ತಡವರಿಸುತ್ತದೆ. ಡೆಮೊ ಕೊಡುವವರ ಕೈಯಲ್ಲಿ ನೋಡಿ ಸುಮ್ಮನಾಗದೆ ನಿಮ್ಮ ಕೈಗೇ ಹಾಕಿಸಿಕೊಳ್ಳಿ. ಜೇಬಿನಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇರಲಿ. ಮೊದಲು ಕೂತು ಎರಡನ್ನೂ ಹೋಲಿಸಿ, ಆಮೇಲೆ ಇಪ್ಪತ್ತು ಬಸ್ಕಿ ಹೊಡೆದು ಮತ್ತೆ ಹೋಲಿಸಿ. ಸುಮ್ಮನೆ ಕೂತವರಿಗೆ ನಿಮಿಷಕ್ಕೆ 72 ನಾಡಿಬಡಿತ ತೋರಿಸುವುದು ದೊಡ್ಡ ವಿಷಯವಲ್ಲ, 72ರಿಂದ 115ಕ್ಕೆ ಏರಿ ಮತ್ತೆ ಇಳಿಯುವುದನ್ನು ಹಿಂಬಾಲಿಸಿದರೆ ಮಾತ್ರ ಅಳೆಯುತ್ತಿದೆ ಎನ್ನಬಹುದು. ವೇಗಸ್ ಮರುಭೂಮಿ, ಜನವರಿಯ ಗಾಳಿ ಒಣ. ಹೃದಯದ ಇಸಿಜಿ, ಮಿದುಳಿನ ಇಇಜಿ ಅಳೆಯುವ ಒಣ ಎಲೆಕ್ಟ್ರೋಡುಗಳಿಗೆ ಒಣ ಚರ್ಮದಲ್ಲಿ ಸಂಪರ್ಕ ಸಿಗುವುದಿಲ್ಲ. ಬೆರಳು ತಣ್ಣಗಿದ್ದರೆ ರಕ್ತದ ಹರಿವು ಕುಗ್ಗಿ ಬೆಳಕಿನ ಸೆನ್ಸರೂ ಸೋಲುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಸ್ವಲ್ಪ ನೀರು ಸವರಿ ಇನ್ನೊಂದು ಅವಕಾಶ ಕೊಡುವುದು ನ್ಯಾಯ. ಸೂಜಿ ಚುಚ್ಚದೆ ಸಕ್ಕರೆ ಅಳೆಯುತ್ತೇವೆ ಎನ್ನುವ ವಾಚು, ಉಂಗುರಗಳ ವಿಷಯ ಬೇರೆ. ಅಂಥ ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಇನ್ಸುಲಿನ್ ತೆಗೆದುಕೊಳ್ಳುವವರು ತಪ್ಪು ಅಂಕಿ ನಂಬಿದರೆ ಪ್ರಾಣಕ್ಕೇ ಕುತ್ತು.

ದೂರದಿಂದ ಚಾರ್ಜ್ ಮಾಡುವ ಸಾಧನಗಳಿಗೆ ಒಂದೇ ಪ್ರಶ್ನೆ ಸಾಕು: ಇಷ್ಟು ದೂರದಲ್ಲಿ ಎಷ್ಟು ಮಿಲಿವ್ಯಾಟ್? 5000 ಎಂಎಎಚ್ ಫೋನ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಗಂಟೆ ಶಕ್ತಿ. 100 ಮಿಲಿವ್ಯಾಟ್ ಸಿಕ್ಕರೆ ತುಂಬಲು ಎಂಟು ದಿನ ಬೇಕು. ರಿಮೋಟ್, ಬಾಗಿಲ ಬೀಗದ ಸೆನ್ಸರ್‌ಗಳಿಗೆ ಅಷ್ಟು ಧಾರಾಳ ಸಾಕು, ಫೋನಿಗೆ ಸಾಲದು.

‘ಎಲ್ಲ ಸಾಧನದೊಳಗೇ ನಡೆಯುತ್ತದೆ’ ಎನ್ನುವ ಎಐ ಗ್ಯಾಜೆಟ್ಟನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಸಿ ಅದೇ ಪ್ರಶ್ನೆ ಇನ್ನೊಮ್ಮೆ ಕೇಳಿ. ಅನುವಾದಿಸುವ ಇಯರ್‌ಬಡ್‌ಗಳಿಗೆ ಅವರು ಬರೆದುಕೊಟ್ಟ ಇಂಗ್ಲಿಷ್ ವಾಕ್ಯ ಬಿಟ್ಟು ಮನೆಯಲ್ಲಿ ಆಡುವಂತೆಯೇ ಮಾತಾಡಿ: ‘ನಾಳೆ ಬರಕ್ಕಾಗಲ್ಲ, ಆಫೀಸ್ ಲೇಟಾಗತ್ತೆ, ಹದಿನೈದು ಸಾವಿರದ ಐನೂರು ಅಕೌಂಟಿಗೆ ಹಾಕಿದೀನಿ’. ಆಡುಮಾತಿನ ಕ್ರಿಯಾಪದ, ಇಂಗ್ಲಿಷ್ ಬೆರಕೆ, ಉದ್ದನೆಯ ಸಂಖ್ಯೆ ಮೂರೂ ಇದರಲ್ಲಿವೆ. ಅಂಕಿ ಸರಿ ಬಂದು ‘ಆಗಲ್ಲ’ ಎಂಬುದು ‘ಆಗುತ್ತದೆ’ ಎಂದಾದರೆ ಅದು ದೊಡ್ಡ ದೋಷ, ಹಾಗೆಂದು ಅಲ್ಲೇ ಹೇಳಿ. ಕನ್ನಡದಲ್ಲಿ ಪರೀಕ್ಷಿಸುವವರು ಆ ಮೇಜಿನ ಮುಂದೆ ಹೆಚ್ಚು ಬರುವುದಿಲ್ಲ. ಕೆಲಸದ ಮೇಲೆ ಪ್ರೀತಿಯಿರುವ ಎಂಜಿನಿಯರ್ ಆ ವಾಕ್ಯವನ್ನು ಬರೆಸಿಕೊಂಡೇ ಕಳಿಸುತ್ತಾರೆ.

ಇದರಲ್ಲಿ ಒಂದು ವಿನಾಯಿತಿ ಕೊಡಲೇಬೇಕು. ಹಾಲ್‌ನೊಳಗೆ ಸಾವಿರಾರು ಬ್ಲೂಟೂತ್, ವೈಫೈಗಳು 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬಿದ್ದಿರುತ್ತವೆ. ಅಲ್ಲಿ ಸಂಪರ್ಕ ಕಡಿದುಕೊಂಡ ಸಾಧನ ಮನೆಯಲ್ಲಿ ಚೆನ್ನಾಗಿಯೇ ನಡೆಯಬಹುದು, ವೈರು ಹಾಕಿದ್ದರ ಕಾರಣ ಕೆಲವೊಮ್ಮೆ ಅಷ್ಟೇ ಇರುತ್ತದೆ. ಯಾವ ಕಾರಣಕ್ಕೆ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುವವರೇ ಹೆಚ್ಚು, ಅದರಲ್ಲೂ ಕೊನೆಯ ದಿನ. ಅಂದು ಮೇಳ ಸಂಜೆ 4ಕ್ಕೆ ಮುಗಿಯುತ್ತದೆ. ಮಧ್ಯಾಹ್ನದಿಂದಲೇ ಪೆಟ್ಟಿಗೆ ಕಟ್ಟುವ ಗಡಿಬಿಡಿ, ಆದ್ದರಿಂದ ಬೆಳಗ್ಗೆಯೇ ಹೋಗಿ. ಮೊದಲ ದಿನ ಮುಟ್ಟಿದ್ದ ಮಡಚುವ ಫೋನುಗಳನ್ನೇ ಮತ್ತೆ ಮುಟ್ಟಿ. ಮೂರು ದಿನ ಸಿಕ್ಕಸಿಕ್ಕವರ ಕೈಯಲ್ಲಿ ಮಡಚಿಸಿಕೊಂಡ ಹಿಂಜ್ (ಕೀಲು) ಅರ್ಧ ತೆರೆದಾಗ ನಿಲ್ಲದೆ ತಾನಾಗಿ ಬೀಳುತ್ತದೆಯೇ, ಮಡಿಕೆಯ ಪಕ್ಕದ ಪ್ಲಾಸ್ಟಿಕ್ ಪದರದ ಅಂಚು ಎದ್ದಿದೆಯೇ ನೋಡಿ. ಮೇಜಿನ ಮೇಲಿದ್ದ ಐದರಲ್ಲಿ ಎರಡೇ ಉಳಿದಿದ್ದರೆ ಮಿಕ್ಕ ಮೂರು ಏನಾದವು ಎಂದು ಕೇಳಿ.