ನಾನು ಅರ್ಧಕ್ಕೆ ತಡೆದ ಮಾತು

ಹೃದಯ ವೈಫಲ್ಯದ ರೋಗಿಯೊಬ್ಬರು ಎರಡು ತಿಂಗಳಲ್ಲಿ ಮೂರನೆಯ ಬಾರಿ ವಾರ್ಡಿಗೆ ದಾಖಲಾಗಿದ್ದರು. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ರೌಂಡ್ಸ್‌ನಲ್ಲಿ ಕೇಸ್ ಮಂಡಿಸುತ್ತಿದ್ದ ವಿದ್ಯಾರ್ಥಿನಿ, “ಸರ್, ಇವರು ಕೆಲಸ ಮಾಡುವ ಕಡೆ...” ಎಂದು ಶುರು ಮಾಡಿದಳು.

“ಅದೆಲ್ಲ ಆಮೇಲೆ. ಎದೆಯಲ್ಲಿ ಏನು ಕೇಳಿಸಿತು, ಅದನ್ನು ಹೇಳಮ್ಮ” ಎಂದೆ.

ಹೃದಯ ಸೋತಾಗ ಕೇಳಿಸಬಹುದಾದ ‘ಮೂರನೆಯ ಶಬ್ದ’ದ ಬಗ್ಗೆ ಅಚ್ಚುಕಟ್ಟಾಗಿ ಹೇಳಿದಳು. ಮೆಚ್ಚಿಕೊಂಡು ಮುಂದಿನ ಹಾಸಿಗೆಗೆ ಹೋದೆ. ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಫ್ಯೂರೊಸೆಮೈಡ್ ಮಾತ್ರೆಯ ಪ್ರಮಾಣ ಹೆಚ್ಚಿಸಿ ಅವರನ್ನು ಮನೆಗೆ ಕಳುಹಿಸಿದೆವು.

ಮೂರೇ ವಾರದಲ್ಲಿ ಮತ್ತೆ ಬಂದರು. ಈ ಸಲ ಕುರ್ಚಿ ಎಳೆದುಕೊಂಡು ಕುಳಿತು ವಿಚಾರಿಸಿದೆ. ಆ ಮಾತ್ರೆ ನುಂಗಿದರೆ ಗಂಟೆಯೊಳಗೆ ಮೂತ್ರಕ್ಕೆ ಅವಸರವಾಗುತ್ತದೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಅವರು ದಿನವಿಡೀ ನಿಂತು ದುಡಿಯುವ ಜಾಗದಲ್ಲಿ ಹೆಂಗಸರಿಗೆ ಶೌಚಾಲಯವೇ ಇಲ್ಲ. ಹೀಗಾಗಿ ಕೆಲಸದ ದಿನ ಮಾತ್ರೆ ಮುಟ್ಟುತ್ತಿರಲಿಲ್ಲ. ನಾವು ಪ್ರಮಾಣ ಹೆಚ್ಚಿಸಿದ ಮೇಲಂತೂ ಪೂರ್ತಿ ಬಿಟ್ಟಿದ್ದರು. ವಿದ್ಯಾರ್ಥಿನಿ ಅಂದು ಹೇಳಹೊರಟಿದ್ದು ಇದನ್ನೇ.

ಅವಳೊಬ್ಬಳ ಬಾಯಿ ಮುಚ್ಚಿಸಿದ್ದಷ್ಟೇ ಆಗಿದ್ದರೆ ಒಂದು ಮಾತು. ಸುತ್ತ ನಿಂತಿದ್ದ ಅಷ್ಟೂ ಮಕ್ಕಳು ನನ್ನ ಮುಖ ನೋಡಿ, ರೋಗಿಯ ದುಡಿಮೆ, ಮನೆ, ದಾರಿ ಯಾವುದೂ ವೈದ್ಯನ ಕೆಲಸಕ್ಕೆ ಸೇರಿದ್ದಲ್ಲ ಎಂದು ಕಲಿತುಬಿಟ್ಟಿದ್ದರು. ಎಲ್ಲಿಯೂ ಬರೆದಿರದ, ಹಿರಿಯರ ನಡೆಯಿಂದಲೇ ದಾಟುವ ಇಂಥ ಪಾಠಕ್ಕೆ ವೈದ್ಯಕೀಯ ಶಿಕ್ಷಣದಲ್ಲಿ ‘ಗುಪ್ತ ಪಠ್ಯಕ್ರಮ’ ಎನ್ನುತ್ತಾರೆ. ವೈದ್ಯಕೀಯ ಕಾಲೇಜುಗಳ ಶಿಕ್ಷಣ, ಸಂಶೋಧನೆ, ಸೇವೆ ಮೂರೂ ಜನರ ಆದ್ಯತೆಯ ಆರೋಗ್ಯ ಸಮಸ್ಯೆಗಳತ್ತ ಮುಖ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 1995ರಲ್ಲೇ ಹೇಳಿದೆ. ಸಾಮಾಜಿಕ ಉತ್ತರದಾಯಿತ್ವವೆಂದರೆ ಅದು. ಈ ಮಾತನ್ನು ನಾನೇ ಎಷ್ಟೋ ಸಭೆಗಳಲ್ಲಿ ಆಡಿದ್ದೇನೆ. ವಾರ್ಡಿನಲ್ಲಿ ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ನನಗೇ ಇರಲಿಲ್ಲ.

ಮರುದಿನ ಅದೇ ಗುಂಪಿನ ಎದುರು ಅವಳಲ್ಲಿ ತಪ್ಪೊಪ್ಪಿಕೊಂಡೆ. ಈಗ ನಮ್ಮ ಘಟಕದಲ್ಲಿ, ಬರೆದುಕೊಟ್ಟ ಚಿಕಿತ್ಸೆ ರೋಗಿಯ ದಿನಚರಿಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹೇಳದೆ ಕೇಸ್ ಮಂಡನೆ ಮುಗಿಯುವುದಿಲ್ಲ. ಆಂತರಿಕ ಪರೀಕ್ಷೆಯಲ್ಲಿ ಅದಕ್ಕೆ ಅಂಕವನ್ನೂ ಇಟ್ಟಿದ್ದೇವೆ. ಅಂಕವಿಲ್ಲದ ಪ್ರಶ್ನೆ ಹೆಚ್ಚು ದಿನ ಬಾಳುವುದಿಲ್ಲ.

ಕೆಲಸ ಮುಗಿಸಿ ಮನೆ ಸೇರಿದೊಡನೆ ಮಾತ್ರೆ ನುಂಗಲಿ ಎಂದು ಸೂಚಿಸಿದವಳು ಆ ವಿದ್ಯಾರ್ಥಿನಿಯೇ. ಮುಂದಿನ ತಪಾಸಣೆಗೆ ಬಂದಾಗ ರೋಗಿಯ ಕಾಲಿನ ಊತ ಇಳಿದು ಚಪ್ಪಲಿ ಹಿಡಿಸುತ್ತಿತ್ತು. ಅವರ ಕೆಲಸದ ಜಾಗದಲ್ಲಿ ಶೌಚಾಲಯ ಮಾತ್ರ ಇನ್ನೂ ಇಲ್ಲ. ಅದು ನನ್ನನ್ನು ಕೊರೆಯುತ್ತಲೇ ಇದೆ.