ಬಂಡಿದಾರಿ ಮತ್ತು ನಮ್ಮ ಬಚ್ಚಲ

ಎಳ್ಳ ಅಮಾಸಿಗೆ ಇನ್ನೂ ನಾಲ್ಕು ದಿನ ಇತ್ತು. ಹಬ್ಬಕ್ಕೆ ಕಾಳು, ಸೊಪ್ಪು ಕೂಡಿಸಿ ಮಾಡುವ ಭಜ್ಜಿಗೆ ಅಂತ ಅವ್ವ ಕಾಳು ಆರಿಸುತ್ತಾ ಕೂತಿದ್ದಳು. ಆಗ ಓಣಿಯೊಳಗೆ ಜೆಸಿಬಿ ಬಂತು.

ನಮ್ಮ ಓಣಿ ಬೀದರ್‌ನ ಕಟ್ಟಕಡೆಗಿದೆ. ಊರು ನಿಂತಿರುವ ಕೆಂಪು ಕಲ್ಲಿನ ದಿಬ್ಬ ನಮ್ಮ ಹಿತ್ತಲ ಹಿಂದೆಯೇ ಮುಗಿಯುತ್ತದೆ. ಅಲ್ಲಿಂದ ಇಳಿಜಾರು, ಅದರ ಕೆಳಗೆ ಎರೆ ಹೊಲ. ಆ ಇಳಿಜಾರಿನ 4 ಎಕರೆಯನ್ನು ಒಬ್ಬರು ಕೊಂಡು, ಎನ್‌ಎ (ಕೃಷಿಯೇತರ ಜಮೀನು) ಮಾಡಿಸಿ ಪ್ಲಾಟ್ ಹಾಕಲು ಹೊರಟಿದ್ದರು. ರಸ್ತೆ, ಪಾರ್ಕು ಬಿಟ್ಟರೂ 30×40ರ ಎಪ್ಪತ್ತು ಎಂಬತ್ತು ಪ್ಲಾಟ್ ಆಗುತ್ತವೆ. ಗಾಳಿ ಬೆಳಕು ಎಲ್ಲಾ ಭರ್ಜರಿ. ದಾರಿ ಮಾತ್ರ ಇಲ್ಲ! ಇರೋದು ಒಂದೇ, ಕಾಕಾನ ಜಾಗದ ಬದಿಗೆ ಹಾದು ಹೊಲಕ್ಕೆ ಇಳಿಯುವ ಬಂಡಿದಾರಿ. ಅದನ್ನು 30 ಅಡಿ ಮಾಡಬೇಕು ಅನ್ನೋದು ಅವರ ಲೆಕ್ಕ.

ಕಾಕಾ ಒಂದು ಮಾತೂ ಆಡಲಿಲ್ಲ. ಒಳಗಿಂದ ಹೊರಸು ತಂದು ದಾರಿಗೆ ಅಡ್ಡ ಹಾಕಿ, ಮೇಲೆ ಕಂಬಳಿ ಹಾಸಿ ಕೂತುಬಿಟ್ಟ. ಜೆಸಿಬಿ ಹುಡುಗ ಹತ್ತು ನಿಮಿಷ ನೋಡಿ ಇಂಜಿನ್ ಬಂದ್ ಮಾಡಿದ. "ನಂದೇನ್ ತಪ್ಪದ ಕಾಕಾ, ತಾಸಿನ ಲೆಕ್ಕದ ಮ್ಯಾಲ ಬಂದೀನಿ" ಅಂದ. ಅವ್ವ ಅವನಿಗೂ ಚಹಾ ಕೊಟ್ಟಳು. ಜಾಗ ಕೊಂಡವರು ಬಂದ ಮೇಲೆ ಶುರುವಾಯಿತು ನೋಡಿ ಗದ್ದಲ. ನಾನೂ ಕೂಗಾಡಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ವಕೀಲರ ಹತ್ತಿರ ಹೋದೆವು. ಅವರು ಕೇಳಿದ್ದು ಒಂದೇ ಮಾತು. ಹೊಲದ ಹಳೆ ಮಾಲೀಕರು ನಿಮ್ಮ ಅಪ್ಪಣೆ ಕೇಳಿ ಬಂಡಿ ಹೊಡೀತಿದ್ರೋ, ಹಂಗೇ ಹೊಡೀತಿದ್ರೋ? ಯಾರ ಅಪ್ಪಣೆಯೂ ಇಲ್ಲದೆ, ಇದು ನಮ್ಮ ಹಕ್ಕು ಅಂತ 20 ವರ್ಷ ಬಿಡದೆ ಬಳಸಿದ್ದರೆ ದಾರಿಯ ಹಕ್ಕು ಹುಟ್ಟುತ್ತದಂತೆ, ಅಪ್ಪಣೆ ಮೇಲೆ ಬಳಸಿದ್ದರೆ ಎಷ್ಟು ವರ್ಷವಾದರೂ ಇಲ್ಲ. ಕಾಕಾನ ಮುಖ ಅರಳಿತು. "ವರ್ಷಾ ಸೀತನಿ ತಂದು ಕೊಡ್ತಿದ್ರು ಸಾಹೇಬ್ರ, ನಮ್ಮಪ್ಪಗ!" ಎಳೆ ಜೋಳದ ತೆನೆ ಅಪ್ಪಣೆಗೆ ಸಾಕ್ಷಿಯಾಗುತ್ತೆ ಅಂತ ನಮ್ಮ ಅಜ್ಜ ಕನಸಲ್ಲೂ ಅಂದುಕೊಂಡಿರಲಿಕ್ಕಿಲ್ಲ. ಒಂದು ವೇಳೆ ಹಕ್ಕು ಇದ್ದರೂ ಅದು ಹೊಲದ ಬಂಡಿಗೆ ಮಾತ್ರ, ಎಂಬತ್ತು ಮನೆಯ ಕಾರಿಗೆ ಅಲ್ಲ ಅಂತಲೂ ವಕೀಲರು ಹೇಳಿದರು. ನಾವು ಗೆದ್ದೆವು ಅಂತ ದಾರಿಯಲ್ಲಿ ಜಿಲೇಬಿ ತಗೊಂಡು ಬಂದೆವು.

ಮೂರನೇ ದಿನ ಅವರು ಸರ್ವೇದವರನ್ನು ಕರೆಸಿದರು. ಗ್ರಾಮ ನಕಾಶೆ ತೆರೆದರು. ಅದರಲ್ಲಿ ಬಂಡಿದಾರಿ ಚುಕ್ಕಿ ಗೆರೆಯಲ್ಲಿ ಸ್ಪಷ್ಟವಾಗಿತ್ತು. ಅಂದರೆ ಅದು ಕಾಕಾಂದೂ ಅಲ್ಲ, ಅವರದೂ ಅಲ್ಲ, ಊರಿನ ದಾರಿ. ಸೀತನಿ ಸಾಕ್ಷಿ ಅಲ್ಲಿಗೆ ಮುಗಿಯಿತು. ಟೇಪ್ ಹಿಡಿದರು. ಕಲ್ಲಿಂದ ಕಲ್ಲಿಗೆ ಅಳೆಯುತ್ತಾ ಬಂದವರು ನಮ್ಮ ಹಿತ್ತಲಲ್ಲಿ ನಿಂತು, ಗೋಡೆ ತೋರಿಸಿ, "ಇದು ಯಾರ ಬಚ್ಚಲಾ?" ಅಂದರು.

ನಮ್ಮದೇ. ಮೂರು ಅಡಿ ದಾರಿಯೊಳಗೆ ಕೂತಿತ್ತು. ಅಪ್ಪ ಕಟ್ಟಿಸಿದ್ದು. ಇಷ್ಟು ಹೊತ್ತು ನಮ್ಮ ಕಡೆ ನಿಂತು ಕೂಗುತ್ತಿದ್ದ ಓಣಿಯವರೆಲ್ಲ ಒಮ್ಮೆಲೇ ತಮ್ಮ ತಮ್ಮ ಗೋಡೆ ನೋಡಿಕೊಂಡರು. ಒಬ್ಬರ ಕಟ್ಟೆ, ಇನ್ನೊಬ್ಬರ ಮೆಟ್ಟಿಲು. ಸರ್ವೇದ ಹುಡುಗ ನಮ್ಮ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋದ.

ಈಗ ಲೆಕ್ಕ ಹೀಗಿದೆ. ನಾವು ದಾರಿ ಮುಚ್ಚೋ ಹಾಗಿಲ್ಲ, ಅವರು ನಮ್ಮ ಜಾಗ ಕೊಳ್ಳದೆ 30 ಅಡಿ ಮಾಡೋ ಹಾಗೂ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಬೇರೆ. ಕೆಂಪು ಕಲ್ಲು ಮಳೆ ನೀರು ಕುಡಿದು ಅಂಚಿನಲ್ಲಿ ಮೆಲ್ಲಗೆ ಬಿಡುತ್ತದೆ. ನಮ್ಮ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನೀರು ನಿಲ್ಲೋದು ಅಂಥ ಕಲ್ಲಲ್ಲೇ ಅಲ್ವಾ. ಅಂಚನ್ನೇ ಕಡಿದರೆ ಬಾವಿಗಳ ಗತಿ ಏನು ಅಂತ ಎರಡು ಸಲ ಕೇಳಿದೆ. ಇವರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಅವರೂ ಇಲ್ಲ. ಎಲ್ಲರಿಗೂ ಅಡಿ, ಗುಂಟೆಯದ್ದೇ ಚಿಂತೆ.

ಅಮಾಸಿ ದಿನ ಇಡೀ ಓಣಿ ಅದೇ ದಾರಿಯಲ್ಲಿ ಬುಟ್ಟಿ ಹೊತ್ತು ಹೊಲಕ್ಕೆ ಇಳಿಯಿತು. ಚರಗ ಅಂತ ಪೂಜೆಯ ಅಡುಗೆಯನ್ನು ಹೊಲದ ತುಂಬ ಚೆಲ್ಲಿ ಊಟಕ್ಕೆ ಕೂತಾಗ ಜಾಗ ಕೊಂಡವರು ತಮ್ಮ ಬಾಂದುಕಲ್ಲು ನೋಡಲು ಬಂದಿದ್ದರು. ಆ ದಿನ ಹೊಲದ ಹತ್ತಿರ ಬಂದವರನ್ನು ಕರೆಯದೆ ಇರೋಕಾಗಲ್ಲ. "ಬರ್ರಿ ಊಟಕ್ಕ" ಅಂದ ಕಾಕಾ, ಮುಖ ನೋಡದೇ. ಅವರು ಬಂದು ಕೂತರು. ಎರಡು ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಮುಗಿಸಿ, "ಗುಂಟೆಕ ಏನ್ ಹೇಳ್ತೀರಿ?" ಅಂದರು. "ಮೊದಲ ಉಣ್ರಿ" ಅಂತ ಕಾಕಾ ಇನ್ನೊಂದು ರೊಟ್ಟಿ ಹಾಕಿದ.

ಬಚ್ಚಲ ಇನ್ನೂ ಒಡೆದಿಲ್ಲ. ಕೆಂಪು ಗೆರೆ ಮೇಲೆ ಅವ್ವ ದಿನಾ ಸೀರೆ ಒಣಗಿಸುತ್ತಾಳೆ.