ಪರದೆಯಲ್ಲಿದ್ದ ಒತ್ತು ಕಾಗದದಲ್ಲಿ ಕಾಣೆಯಾದಾಗ

ತಂಗಿಯ ಪಿಎಚ್.ಡಿ. ಮಹಾಪ್ರಬಂಧವನ್ನು ಮುದ್ರಿಸಿಕೊಳ್ಳಲು ನಾವಿಬ್ಬರೂ ಮೈಸೂರಿನ ಸರಸ್ವತಿಪುರಂನ ಡಿಟಿಪಿ ಅಂಗಡಿಯೊಂದಕ್ಕೆ ಹೋಗಿದ್ದೆವು. ಮರುದಿನವೇ ಮಾನಸಗಂಗೋತ್ರಿಯಲ್ಲಿ ಸಲ್ಲಿಸಬೇಕಿದ್ದ ಪ್ರತಿ ಅದು. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಲೇಸರ್ ಪ್ರಿಂಟರ್‌ನಿಂದ ಹೊರಬಂದ ಹಾಳೆಯಲ್ಲಿ ‘ಸ್ತ್ರೀ’ ಪದದ ಒತ್ತುಗಳು ಮಾಯವಾಗಿ, ಆ ಜಾಗದಲ್ಲಿ ಪುಟ್ಟ ಖಾಲಿ ಚೌಕಗಳು ಮೂಡಿದ್ದವು. “ಅಣ್ಣಾ, ಫೈಲೇ ಕೆಟ್ಟೋಯ್ತಾ?” ಎಂದು ತಂಗಿ ಗಾಬರಿಯಾದಳು. “ಫೈಲ್ ಸರಿಯಾಗೇ ಇದೆ ಕಣಮ್ಮ, ಪ್ರಿಂಟರ್‌ಗೆ ಹೋಗೋ ದಾರೀಲಿ ಎಡವಟ್ಟಾಗಿದೆ” ಎಂದರು ಅಂಗಡಿಯವರು.

ಅವರ ಮಾತು ನಿಜ. ಪರದೆಯಲ್ಲಿ ಕಾಣುವ ಚಿತ್ರವೇ ಹಾಗೆಯೇ ಪ್ರಿಂಟರ್‌ಗೆ ಹೋಗುವುದಿಲ್ಲ. ಡ್ರೈವರ್ ಎಂಬ ತಂತ್ರಾಂಶವು ಪುಟವನ್ನು ಪ್ರಿಂಟರ್‌ಗೆ ತಿಳಿಯುವ ಆಜ್ಞೆಗಳಾಗಿ ಬದಲಿಸುತ್ತದೆ. ಯಾವ ಫಾಂಟ್, ಎಷ್ಟು ಗಾತ್ರ, ಪುಟದ ಯಾವ ಬಿಂದುವಿನಲ್ಲಿ ಯಾವ ಆಕೃತಿ ಎಂಬ ವಿವರಣೆ ಸಾಮಾನ್ಯವಾಗಿ ಅದರಲ್ಲಿರುತ್ತದೆ. ಅಡೋಬಿ ಸಂಸ್ಥೆ 1984ರಲ್ಲಿ ಹೊರತಂದ ಪೋಸ್ಟ್‌ಸ್ಕ್ರಿಪ್ಟ್ ಇಂತಹ ವಿವರಣೆಗೆಂದೇ ರೂಪಿಸಿದ ಭಾಷೆ. ಸ್ಪೂಲರ್ ಎಂಬ ಇನ್ನೊಂದು ತಂತ್ರಾಂಶ ಆ ಆಜ್ಞೆಗಳನ್ನು ಸರದಿಯಲ್ಲಿಟ್ಟು ಕಳುಹಿಸುತ್ತದೆ, ಪ್ರಿಂಟರ್ ಅವನ್ನು ಓದಿ ಪುಟವನ್ನು ತಾನೇ ಹೊಸದಾಗಿ ಚುಕ್ಕೆಗಳಲ್ಲಿ ಬರೆದುಕೊಳ್ಳುತ್ತದೆ. ಅಂಗುಲಕ್ಕೆ 600 ಚುಕ್ಕೆಗಳ ಲೆಕ್ಕದಲ್ಲಿ ಒಂದು ಎ4 ಹಾಳೆಗೆ ಸುಮಾರು 3.48 ಕೋಟಿ ಚುಕ್ಕೆಗಳು ಬೇಕು. ಇಂಕ್‌ಜೆಟ್ ಯಂತ್ರ ಒಂದು ಸಾಲು ಮುಗಿಸಿ ಮುಂದಿನದಕ್ಕೆ ಕಾಯಬಲ್ಲದು. ಲೇಸರ್ ಯಂತ್ರದಲ್ಲಿ ಡ್ರಮ್ ಎಂಬ ಉರುಳೆ ಒಮ್ಮೆ ತಿರುಗಲು ಆರಂಭಿಸಿದರೆ ಹಾಳೆ ಮುಗಿಯುವ ತನಕ ನಿಲ್ಲುವಂತಿಲ್ಲವಾದ್ದರಿಂದ, ಚುಕ್ಕೆಗಳೆಲ್ಲ ವೇಳೆಗೆ ಸರಿಯಾಗಿ ಒದಗಲೇಬೇಕು.

ಕನ್ನಡಕ್ಕೆ ಇಲ್ಲಿ ಇನ್ನೊಂದು ಹಂತವಿದೆ, ನನಗೆ ಬಹಳ ಮುಖ್ಯವೆನಿಸಿದ್ದು ಅದೇ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಸ್ತ್ರೀ’ ಆರು ಸಂಕೇತಗಳ ಸಾಲು: ಸ, ಅದರ ಸ್ವರ ತೆಗೆಯುವ ವಿರಾಮ ಚಿಹ್ನೆ (್), ತ, ಮತ್ತೆ ಅದೇ ಚಿಹ್ನೆ, ರ, ಈ-ಕಾರ. ಇವನ್ನು ಸೇರಿಸಿ ಯಾವ ಒತ್ತನ್ನು ಎಲ್ಲಿಡಬೇಕೆಂದು ನಿರ್ಧರಿಸುವುದು ಕಂಪ್ಯೂಟರ್. ಹೀಗೆ ಸಿದ್ಧವಾದ ಒತ್ತಿನ ಆಕೃತಿಗೆ ಪ್ರತ್ಯೇಕ ಯೂನಿಕೋಡ್ ಸಂಕೇತವಿಲ್ಲ, ಫಾಂಟ್‌ನ ಒಳಗಿನ ಕ್ರಮಸಂಖ್ಯೆ ಮಾತ್ರ ಇರುತ್ತದೆ. ಆದ್ದರಿಂದ ಆ ಸಂಖ್ಯೆಯ ಜೊತೆಗೆ ಫಾಂಟ್‌ನ ಅಗತ್ಯ ಭಾಗವೂ ಪ್ರಿಂಟರ್‌ಗೆ ಸರಿಯಾಗಿ ತಲುಪದಿದ್ದರೆ ಮೂಲಾಕ್ಷರ ಉಳಿದು ಒತ್ತು ಬಿದ್ದುಹೋಗಬಹುದು.

ಅಂಗಡಿಯವರು ಮೊದಲು ‘ಪ್ರಿಂಟ್ ಆ್ಯಸ್ ಇಮೇಜ್’ ಎಂಬ ಆಯ್ಕೆಗೆ ಗುರುತು ಹಾಕಿದರು. ಆಗ ಅಕ್ಷರಗಳನ್ನೂ ಕಂಪ್ಯೂಟರೇ ಚಿತ್ರವಾಗಿ ಬರೆದು ಕಳುಹಿಸುವುದರಿಂದ ಪ್ರಿಂಟರ್ ಫಾಂಟ್ ಹುಡುಕುವ ಪ್ರಶ್ನೆಯೇ ಇರಲಿಲ್ಲ. ಒತ್ತುಗಳು ಮರಳಿದವು, ಆದರೆ ಸರದಿಯ ಕಿಟಕಿಯಲ್ಲಿ ಕೆಲಸದ ಗಾತ್ರ ಉಬ್ಬಿತು, ಒಂದೊಂದು ಹಾಳೆಗೂ ಕಾಯಬೇಕಾಯಿತು, ಸಣ್ಣ ಅಕ್ಷರಗಳ ಅಂಚೂ ತುಸು ಒರಟಾಯಿತು. ಅಷ್ಟು ದಪ್ಪದ ಪ್ರಬಂಧಕ್ಕೆ ಇದು ಒಗ್ಗುವ ದಾರಿಯಲ್ಲ. ಅವರು ಅದೇ ಪ್ರಿಂಟರ್‌ಗೆ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಹಾಕಿ, ಇಮೇಜ್ ಆಯ್ಕೆಯ ಗುರುತು ತೆಗೆದು, ಆ ಪುಟವನ್ನೇ ಮತ್ತೆ ಕಳುಹಿಸಿದರು. ಈ ಸಲ ಫಾಂಟ್‌ನ ಅಗತ್ಯ ಭಾಗವೂ ಸರಿಯಾಗಿ ತಲುಪಿರಬೇಕು, ಒತ್ತೂ ಇತ್ತು, ಅಂಚೂ ಚೂಪಾಗಿತ್ತು.

ನಡುವೆ ಕಾಗದ ಮುಗಿದಾಗ ಪರದೆಯಲ್ಲಿ ಸೂಚನೆ ಬಂತು. ಕಂಪ್ಯೂಟರ್ ಮತ್ತು ಪ್ರಿಂಟರ್ ನಡುವಿನ ಮಾತುಕತೆ ಎರಡೂ ಕಡೆಯಿಂದ ನಡೆಯುತ್ತದೆ. ಇವೆರಡನ್ನೂ ಜೋಡಿಸುತ್ತಿದ್ದ ಹಳೆಯ ಪ್ಯಾರಲಲ್ ಕೇಬಲ್‌ನಲ್ಲಿಯೂ ‘ಕೆಲಸದಲ್ಲಿದ್ದೇನೆ’, ‘ಕಾಗದವಿಲ್ಲ’ ಎಂದು ತಿಳಿಸಲು ಪ್ರತ್ಯೇಕ ತಂತಿಗಳೇ ಇದ್ದವು. ಹೊಸ ಕಟ್ಟು ತುಂಬಿದ ಮೇಲೆ ಮುದ್ರಣ ನಿಂತ ಪುಟದಿಂದಲೇ ಮುಂದುವರಿಯಿತು. ತಂಗಿ ಪ್ರತಿ ಅಧ್ಯಾಯದಲ್ಲೂ ಒತ್ತಕ್ಷರಗಳನ್ನು ಬೆರಳಿಟ್ಟು ನೋಡಿದ ನಂತರವೇ ಹಾಳೆಗಳನ್ನು ಬೈಂಡಿಂಗ್‌ಗೆ ಕೊಟ್ಟಳು.